ಪಾಳಿ ಅಂದ್ರ ಪಾಳಿ

ನಾವು ನಿರ್ಣಾದಲ್ಲಿದ್ದ ದಿನಗಳಲ್ಲಿ ಓಣಿಯ ಆಡುಗಳೆಲ್ಲ ಒಂದೇ ಹಿಂಡಾಗಿ ಮೇಯಲು ಹೋಗುತ್ತಿದ್ದವು. ಕಾಯುವ ಪಾಳಿ ದಿನಕ್ಕೊಂದು ಮನೆಯದು. ಅಂದು ಯಾರದಾದರೂ ಆಡು ಹೋದರೆ ಪಾಳಿಯ ಮನೆಯವರು ತಮ್ಮದನ್ನು ಕೊಡಬೇಕು. ಈ ಕಟ್ಟಳೆ ನಡೆಸುತ್ತಿದ್ದವನು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ನನಗೆ ಅದೊಂದು ಜಂಬ.

ಆ ವರ್ಷದ ಮಳೆಗಾಲದಲ್ಲಿ ಶರಣಮ್ಮ ಆಯಿಯ ಪಾಳಿಯಲ್ಲಿ ಹಿಂಡಿಗೆ ತೋಳ ಬಿದ್ದು ಒಬ್ಬರ ಆಡನ್ನು ಒಯ್ದಿತ್ತು. ಒಂಟಿ ಮುದುಕಿ, ಜ್ವರದಲ್ಲೇ ಕಾಯಲು ಹೋಗಿದ್ದಳು. ಅವಳಿಗಿದ್ದದ್ದು ಒಂದೇ ಆಡು. "ಪಾಳಿ ಅಂದ್ರ ಪಾಳಿ. ಅವರಿವರ ಮಾರಿ ನೋಡಿ ನ್ಯಾಯ ಮಾಡಾಕ ಬರಂಗಿಲ್ಲ," ಎಂದುಬಿಟ್ಟ ಮುತ್ಯಾ. ಆಯಿ ಅದನ್ನು ಕೊಟ್ಟು ಮನೆಗೆ ಹೋದಳು.

ಆಮೇಲೆ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಕಾಲ ಬಂತು. ಒಂದು ಸಂಜೆ ನಾನು ಅಂಗಳದಲ್ಲಿ ಕುಂಟಾಟ ಆಡುತ್ತಿದ್ದೆ, ಕೈಯೆಲ್ಲ ಸೀತನಿಯ ಹೊಗೆವಾಸನೆ. ಅಂದು ನಮ್ಮದೇ ಪಾಳಿ. ಮುತ್ಯಾ ಹಿಂಡು ಹೊಡೆದುಕೊಂಡು ಬಂದವನೇ ಕಟ್ಟೆಯ ಮೇಲೆ ಕುಸಿದ.

"ತೋಳ ಬಂದಿತ್ತು. ಭೀಮಣ್ಣಂದೊಂದು ಹೋಯ್ತು."

ನಮಗೂ ಇದ್ದದ್ದು ಚಿಮಣಿ ಎಂಬ ಒಂದೇ ಆಡು. ಅವ್ವನಿಗೆ ಹಾಲು ಬತ್ತಿತ್ತು. ಕೂಸು ತಮ್ಮನಿಗೆ ಚಿಮಣಿಯ ಹಾಲೇ ಗತಿ. ಅಪ್ಪ ಹುಮನಾಬಾದಿನ ಕಾರ್ಖಾನೆಯಲ್ಲಿ ಶಿಫ್ಟಿನಲ್ಲಿದ್ದ. ಅವ್ವ ಮತ್ತೆ ಮತ್ತೆ ಫೋನ್ ಹಚ್ಚಿದಳು. "ಎತ್ತವಲ್ರು," ಎಂದಳು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿಯ ಭೀಮಣ್ಣ ಬಂದ. ಅವನಿಗೆ ಕೊಟ್ಟಿಗೆ ತುಂಬ ಆಡು. ಏನೂ ಕೇಳಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಚಿಮಣಿಯ ಕೊರಳು ತಬ್ಬಿ ಹಗ್ಗ ಹಿಡಿದುಕೊಂಡೆ.

"ಮಾವ, ಕೂಸಿನ ಮಾರೀನರ ನೋಡ್ರಿ," ಎಂದಳು ಅವ್ವ. ಮುತ್ಯಾ ನೋಡಲಿಲ್ಲ.

ಅಷ್ಟರಲ್ಲಿ ಶರಣಮ್ಮ ಆಯಿ ಗೋಡೆ ಹಿಡಿದುಕೊಂಡು ಬಂದಳು. "ಅಣ್ಣಾ, ಅದನ್ನ ಬಿಡ್ರಿ. ನಂದು ಹೋಗಿದ್ದು ಹೋಯ್ತು. ಕೂಸು ಹಾಲಿಲ್ದ ಹ್ಯಾಂಗ ಇರ್ತದ?" ಎಂದು ಮುತ್ಯಾನಿಗೆ ಕೈಮುಗಿದಳು. ಇನ್ನು ಚಿಮಣಿ ಉಳಿಯಿತು ಅಂದುಕೊಂಡೆ.

"ಈಗ ನಮ್ದು ಬಿಟ್ರ, ಅವತ್ತು ನಿಂದು ಕಸ್ಕೊಂಡಂಗ ಆಗ್ತದ ತಂಗೀ," ಎಂದ ಮುತ್ಯಾ. ನನ್ನ ಬೆರಳು ಬಿಡಿಸಿ ಹಗ್ಗವನ್ನು ಭೀಮಣ್ಣನ ಕೈಗಿಟ್ಟ.

ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. "ಮುತ್ಯಾ, ಆಯೀದೂ ಅವತ್ತ ಬಿಟ್ಟಿದ್ದಿ ಅಂದ್ರ, ಇವತ್ತ ನಮ್ದೂ ಉಳೀತಿತ್ತಲ್ಲ?"

ಅವನು ಗಂಗಾಳ ಸರಿಸಿ ಎದ್ದುಹೋದ. ಒಳಗೆ ತಮ್ಮ ಅಳುತ್ತಿದ್ದ. ಮರುದಿನದಿಂದ ಚಿಮಣಿಯ ಹಾಲನ್ನೇ ಭೀಮಣ್ಣನ ಮನೆಯಿಂದ ಕೊಂಡು ತರತೊಡಗಿದೆವು. ತಮ್ಮ ಬೆಳೆದ. ಮುತ್ಯಾ ಮಾತ್ರ ಮತ್ತೆಂದೂ ನ್ಯಾಯಕ್ಕೆ ಕೂರಲಿಲ್ಲ.

ಈಗ ನಾನಿರುವುದು ಬಸವಕಲ್ಯಾಣದಲ್ಲಿ. ಊರಿನಲ್ಲಿ ಪಾಳಿ ನಿಂತು ಎಷ್ಟೋ ಕಾಲವಾಯಿತು. ಅವರವರ ಆಡನ್ನು ಅವರವರೇ ಕಾಯುತ್ತಾರೆ, ಹೋದರೆ ಅವರದೇ ನಷ್ಟ. ಯಾವ ಮಗುವಿನ ಕೈಯಿಂದಲೂ ಯಾರೂ ಹಗ್ಗ ಬಿಡಿಸುವುದಿಲ್ಲ, ಒಳ್ಳೆಯದೇ ಆಯಿತು. ಆದರೆ ತನ್ನ ಆಡು ಕಳೆದುಕೊಂಡವಳು ಇನ್ನೊಬ್ಬರ ಆಡಿಗಾಗಿ ಕೈಮುಗಿದು ನಿಲ್ಲುವುದನ್ನು ನಾನು ಮತ್ತೆ ಎಲ್ಲೂ ಕಾಣಲಿಲ್ಲ.