ನರಿಯ ಮೂಗಿಗೆ ಬಿದ್ದ ಧೂಪ

ಅರಬರ ನಾಡಿನಲ್ಲಿ, ದುಖಾನ್ ದಾರಿಯ ಒಂದು ತೋಟದ ತಂತಿಬೇಲಿಗೆ ಬೆನ್ನು ಕೊಟ್ಟು ನಾವಿಬ್ಬರು ಕೂತಿದ್ದೆವು: ನಾನು, ಮತ್ತು ತೋಟ ನೋಡಿಕೊಳ್ಳುತ್ತಿದ್ದ ವಿಜಯಪುರ ಕಡೆಯ ಕಾಕಾ. ಎದುರಿಗೆ ಬೋನು, ಅದರೊಳಗೆ ಸತ್ತ ಕೋಳಿ. ಎಳೆದರೆ ಬಾಗಿಲು ಬೀಳುವ ಹಗ್ಗ ಕಾಕಾನ ಕೈಯಲ್ಲಿ. ಆಚೆ ಸಮುದ್ರದ ಕಡೆ ಕಲ್ಲುದಿಬ್ಬ; ನರಿ ಬರುವುದು ಅಲ್ಲಿಂದಲೇ.

ತಿಂಗಳೊಪ್ಪತ್ತಿನಲ್ಲಿ ಆ ನರಿ ಕೋಳಿಗೂಡನ್ನು ಅರ್ಧ ಖಾಲಿ ಮಾಡಿತ್ತು. ತೋಟದ ಯಜಮಾನರು, ನಾವು ಬಾಬಾ ಎನ್ನುತ್ತಿದ್ದ ಹಿರಿಯ ಅರಬರು, ಬೈಯುವವರಲ್ಲ. ಮೆಲ್ಲಗೆ ಒಂದೇ ಮಾತು ಹೇಳಿದ್ದರು: "ಮುರ್ಗಿ ಮಾಫಿ, ಕಾಮ್ ಮಾಫಿ." ಕೋಳಿಯೇ ಇಲ್ಲದ ಮೇಲೆ ಆಳೇಕೆ ಎಂದು. ಆ ವಯಸ್ಸಿನಲ್ಲಿ ಕಾಕಾನಿಗೆ ಮತ್ತಾರು ವೀಸಾ ಕೊಟ್ಟಾರು?

ಉಪಾಯ ನನ್ನದು, ಅಂದರೆ ನನ್ನಜ್ಜನದು. ಶೇಂಗಾ ಹೊಲ ಕಾಯುತ್ತ ಆತ ಹೇಳುತ್ತಿದ್ದ: "ನರಿ ಕಣ್ಣಿಗೆ ಅಂಜಬ್ಯಾಡ, ಮೂಗಿಗೆ ಅಂಜು. ಗಾಳಿಗೆ ಎದಿ ಕೊಟ್ಟು ಕೂಡು. ಆದ್ರ ಗಾಳೀನ್ನ ನಂಬಬ್ಯಾಡ, ಮೊದಲ ಮೈವಾಸನಿ ಕಳಿ." ಅದಕ್ಕೇ ಸಾಬೂನು ಮುಟ್ಟದೆ ಮಿಂದು, ಕೋಳಿಗೂಡಿನ ಹುಲ್ಲಿನಲ್ಲಿ ಹೂತಿಟ್ಟ ಅಂಗಿಗಳನ್ನು ತೊಟ್ಟಿದ್ದೆವು.

"ನಿಮ್ಮಜ್ಜ ಖರೇನ ನರಿ ಹಿಡದಿದ್ದನೋ, ಬರೇ ಮಾತ ಹಿಡದಿದ್ದನೋ?" ಎಂದ ಕಾಕಾ.

"ಸುಮ್ಕ ಕೂಡು ಕಾಕಾ. ಅದಕ್ಕ ಕಿವೀನೂ ಅದಾವ."

ಅಷ್ಟರಲ್ಲಿ ಬಾಬಾ ಬಂದರು, ಕೈಯಲ್ಲಿ ಧೂಪದ ಮಡಕೆ. ನಮ್ಮ ಅಂಗಿಗಳ ನಾತ ಬಡಿದಿರಬೇಕು. ಅಯ್ಯೋ ಪಾಪ ಎನ್ನುವಂತೆ ಲೊಚಗುಟ್ಟಿ, ಮಡಕೆಯನ್ನು ನಮ್ಮ ಕೊರಳಪಟ್ಟಿಯ ಕೆಳಗೆ ಹಿಡಿದು ಹೊಗೆಯನ್ನು ಅಂಗೈಯಿಂದ ಮೈಮೇಲೆ ಬೀಸಿದರು. ಅತಿಥಿಗಳಿಗೆ ಅವರು ಮಾಡುವ ಮರ್ಯಾದೆ ಅದು. ಬೇಡ ಅನ್ನುವುದು ಹೇಗೆ? ಕಾಕಾ ತಲೆ ಬಗ್ಗಿಸಿ, "ಶುಕ್ರನ್ ಬಾಬಾ" ಎಂದು ವಂದಿಸಿದ. ಅವರು ಹೋದ ಮೇಲೆ ಇಬ್ಬರೂ ಮರಳಿನಿಂದ ತಿಕ್ಕಿಕೊಂಡೆವು. ಪರಿಮಳ ಹೋಗಲಿಲ್ಲ.

ಹೊತ್ತು ಮುಳುಗಿತು. ಮುಖಕ್ಕೆ ಬಡಿಯುತ್ತಿದ್ದ ಗಾಳಿ ನಿಂತಿತು. ನರಿ ದಿಬ್ಬ ಇಳಿದು ಬೋನಿನ ಬಾಗಿಲವರೆಗೂ ಬಂತು. ಆಗಲೇ ನನ್ನ ಕುತ್ತಿಗೆಯ ಹಿಂಬದಿ ತಣ್ಣಗಾಯಿತು, ಗಾಳಿ ತಿರುಗಿತ್ತು. ನರಿ ಒಂದು ಕಾಲೆತ್ತಿ ನಿಂತು, ಮೂಗು ಮೇಲೆ ಮಾಡಿ, ನೇರ ನಮ್ಮತ್ತ ನೋಡಿತು. ಓಡಲೂ ಇಲ್ಲ; ನಡೆದೇ ಹೋಯಿತು.

ಕಾಕಾ ಬಹಳ ಹೊತ್ತು ಹಗ್ಗ ಬಿಡಲಿಲ್ಲ. ಕೊನೆಗೆ, "ಖಲಾಸ್ ನೋಡಪಾ" ಎಂದ.

ಆಮೇಲೆ ಅದು ಬೋನಿನ ಹತ್ತಿರ ಸುಳಿಯಲಿಲ್ಲ. ಗೂಡಿಗೆ ಮಾತ್ರ ಬರುತ್ತಲೇ ಇತ್ತು. ರಂಜಾನಿಗೆ ಮುಂಚೆಯೇ ಗೂಡು ಬರಿದಾಯಿತು. ಬಾಬಾ ಟಿಕೆಟ್ ತೆಗೆಸಿ, ಕಾಕಾನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ತಾವೇ ಗಾಡಿ ತಂದರು. ಹೊರಡುವ ಮುನ್ನ ಒಳಗೆ ಹೋಗಿ ಧೂಪದ ಮಡಕೆ ಹಿಡಿದು ಬಂದರು. ಕಾಕಾ ಕೊರಳಪಟ್ಟಿ ಎತ್ತಿ ನಿಂತ.