ಅಧ್ಯಕ್ಷರ ಬದಲು ಸತ್ತ ಮೀನುಗಳು

ನಮ್ಮ ಕಟ್ಟಡದ ಕೆಳಗಿನ ಹಜಾರದಲ್ಲಿ ಸತ್ತ ಮೊದಲ ಮೀನು ಫುಂಗ್ ವಿಂಗ್-ಸಾಂಗ್ ಅವರ ಪ್ರಾಣ ಉಳಿಸಿತು. ಹಾಗಂತ ಅವರೇ ಹೇಳಿದ್ದು; ಮೀನನ್ನು ಯಾರೂ ಕೇಳಲಿಲ್ಲ.

ಫುಂಗ್ ಅವರ ಪರಿಚಯ ನಾನೇ ಮಾಡಿಕೊಟ್ಟುಬಿಡುತ್ತೇನೆ, ತಡಮಾಡಿದರೆ ಅವರೇ ಮಾಡಿಕೊಳ್ಳುತ್ತಾರೆ. ಈಜುಕೊಳವೊಂದರಲ್ಲಿ ಮೂವತ್ತು ವರ್ಷ ಎತ್ತರದ ಕುರ್ಚಿಯ ಮೇಲೆ ಕೂತು ಸೀಟಿ ಊದಿದವರು. ಓಡಿದವರಿಗೆ ಒಂದು ಸೀಟಿ, ಧುಮುಕಿದವರಿಗೆ ಒಂದು ಸೀಟಿ, ನೀರಲ್ಲಿ ನಿಂತು ಪಿಸುಮಾತಾಡುವ ಜೋಡಿಗೆ ಎರಡು ಸೀಟಿ. ನಿವೃತ್ತಿಯ ದಿನ ಮೇಲಿನವರು ಗಡಿಯಾರ ಕೊಟ್ಟು ಸೀಟಿ ವಾಪಸ್ ಕೇಳಿದರಂತೆ. ಫುಂಗ್ ಗಡಿಯಾರ ವಾಪಸ್ ಕೊಟ್ಟು ಸೀಟಿ ಇಟ್ಟುಕೊಂಡರು.

ಸೀಟಿ ಇದ್ದ ಮೇಲೆ ಊದಿಸಿಕೊಳ್ಳುವವರು ಬೇಕಲ್ಲ. ನಾವು ಸಿಕ್ಕೆವು. ಶಾಮ್ ಶುಯ್ ಪೋ ಬಡಾವಣೆಯ ನಮ್ಮ ಕಟ್ಟಡದ ಹೆಸರು ಸುವರ್ಣಸಾಗರ ಮಹಲು. ಸಾಗರ ಯಾವ ಕಿಟಕಿಯಿಂದಲೂ ಕಾಣುವುದಿಲ್ಲ, ಸುವರ್ಣದ ವಿಷಯ ಕೇಳಲೇಬೇಡಿ. ಇಲ್ಲಿನ ಮನೆಮಾಲೀಕರ ಸಂಘದ ಅಧ್ಯಕ್ಷರ ಕುರ್ಚಿ ಯಾರಿಗೂ ಬೇಡದೆ ಅನಾಥವಾಗಿ ಬಿದ್ದಿತ್ತು. ಫುಂಗ್ ಅದರ ಮೇಲೆ ಕೂತರು, ಮರುದಿನ ಬೆಳಿಗ್ಗೆಯೇ ಹಜಾರದ ಪಕ್ಕದ ನನ್ನ ಅಚ್ಚಿನಂಗಡಿಗೆ ಬಂದು "ಅಧ್ಯಕ್ಷರು" ಅಂತ ದಪ್ಪಕ್ಷರದ ಕಾರ್ಡು ಮಾಡಿಸಿಕೊಂಡರು. ಕಾವಲಿನ ಮುದುಕ ಪಾಂಗ್‌ಗೆ ಒಂದು, ಲಿಫ್ಟ್ ರಿಪೇರಿಯವನಿಗೆ ಒಂದು, ಎದುರಿನ ನೂಡಲ್ಸ್ ಅಂಗಡಿಯವಳಿಗೆ ಒಂದು. ಅವಳು ಅದರ ಮೇಲೆ ಸೋಯಾ ಸಾಸಿನ ಬಾಟಲಿ ಇಟ್ಟಳು.

ಎರಡು ವರ್ಷ ಹೀಗೇ ಸುಖವಾಗಿ ನಡೆಯಿತು. ಈ ಸಲ ಮಾತ್ರ ಮೂರನೆಯ ಮಹಡಿಯ ಮುಯ್ ಅಕ್ಕ "ನಾನೂ ನಿಲ್ತೀನಿ" ಅಂದುಬಿಟ್ಟಳು. ಮುಯ್ ಅಕ್ಕನ ಮನೆಯಲ್ಲಿ ದಿನವೂ ಮಾಹ್‌ಜಾಂಗ್ ಆಟ, ಆಡಲು ಬರುವವರೆಲ್ಲ ಮತದಾರರು. ಫುಂಗ್ ಅವರ ಮುಖದಲ್ಲಿ ಮೊದಲ ಸಲ ನಾನು ಭಯ ಕಂಡೆ. ಆ ಕುರ್ಚಿ ಹೋದರೆ ಉಳಿಯುವುದು ಒಂಬತ್ತನೆಯ ಮಹಡಿಯ ಸೋಫಾ. ಅಲ್ಲಿ ಅಧ್ಯಕ್ಷಗಿರಿ ಹೆಂಡತಿ ಸೌ-ಹಾಳದು.

"ಹಜಾರದಲ್ಲಿ ಮೀನಿನ ತೊಟ್ಟಿ ಇಡ್ತೀನಿ," ಅಂದರು ಒಂದು ದಿನ. "ಬಾಗಿಲಲ್ಲಿ ನೀರಿದ್ರೆ ಸಿರಿ ಒಳಗೆ ಹರಿಯುತ್ತೆ. ಎದುರು ಕಟ್ಟಡದವರು ಇಟ್ಟ ಮೇಲೆ ಅವರ ಮನೆಗಳ ಬೆಲೆ ಏರಿದೆ. ಶರತ್ಕಾಲದ ಹಬ್ಬ ಕಳೆದ ಮೇಲೆ ಚುನಾವಣೆ ಸಭೆ. ಅಷ್ಟರಲ್ಲಿ ಜನ ನೋಡ್ಬೇಕು."

ನನ್ನನ್ನೂ ಎಳೆದುಕೊಂಡು ಮೊಂಗ್ ಕೊಕ್‌ನ ಮೀನಿನ ಬೀದಿಗೆ ಹೋದರು. ಅಲ್ಲಿ ಅಂಗಡಿಯ ಮುಂದೆಲ್ಲ ನೀರು ತುಂಬಿದ ಪ್ಲಾಸ್ಟಿಕ್ ಚೀಲ ತೂಗುಹಾಕಿರುತ್ತಾರೆ, ಒಳಗೆ ಮೀನು, ಹೊರಗೆ ಬೆಲೆ. ಬೋಳುತಲೆಯ ಅಂಗಡಿಯವನೊಬ್ಬ ಡಬ್ಬಿಯಿಂದ ಅನ್ನ, ಸುಟ್ಟ ಹಂದಿಮಾಂಸ ತಿನ್ನುತ್ತ ಕೇಳಿದ:

"ತೊಟ್ಟಿ ಇಡೋದು ಮೊದ್ಲ ಸಲಾನಾ?"

"ಮೀನು ಮೊದ್ಲ ಸಲ. ನೀರು ಮೂವತ್ತು ವರ್ಷದಿಂದ ಗೊತ್ತು," ಅಂದರು ಫುಂಗ್.

"ಸರಿ. ಹಂಗಾದ್ರೆ ಇವತ್ತು ಬರೀ ತೊಟ್ಟಿ ತಗೊಂಡ್ಹೋಗಿ. ನೀರು ತುಂಬಿ, ಫಿಲ್ಟರ್ ಓಡಿಸಿ, ಒಂದು ತಿಂಗಳು ಸುಮ್ನಿರಿ. ನೀರು ಹದ ಆಗ್ಬೇಕು. ಫಿಲ್ಟರಿನ ಸ್ಪಂಜಲ್ಲಿ ಕಣ್ಣಿಗೆ ಕಾಣದ ಜೀವಗಳು ಮನೆ ಮಾಡ್ಕೋಬೇಕು. ಮೀನಿನ ಹೊಲಸು ತಿಂದು ನೀರಿನ ವಿಷ ತೆಗೆಯೋದು ಅವೇ."

"ಕಣ್ಣಿಗೆ ಕಾಣದ ಜೀವಾನಾ? ನನ್ನ ಕೊಳದಲ್ಲಿ ಅಂಥದ್ದು ಒಂದು ಕಣ್ಣಿಗೆ ಬಿದ್ದಿದ್ರೂ ಅವತ್ತೇ ಕ್ಲೋರಿನ್ ಸುರಿದು ಮುಗಿಸ್ತಿದ್ದೆ! ನಂಗೆ ನೀರಿನ ಪಾಠ ಹೇಳ್ತೀಯಾ?"

ಬೋಳುತಲೆಯವನು ನನ್ನ ಮುಖ ನೋಡಿದ, ಆಮೇಲೆ ಅನ್ನದ ಡಬ್ಬಿ ನೋಡಿದ. "ಎಷ್ಟು ಮೀನು ಹಾಕ್ಲಿ?" ಅಂದ.

ಶಾಸ್ತ್ರದ ಪ್ರಕಾರ ಎಂಟು ಕೆಂಪು, ಒಂದು ಕಪ್ಪು. ಕೆಂಪು ಮೀನು ಸಿರಿ ತರುತ್ತದೆ, ಕಪ್ಪು ಮೀನು ಕೆಡುಕು ನುಂಗುತ್ತದೆ. ಬಾಲದಲ್ಲಿ ಕತ್ತಿಯಂಥ ಮೊನೆ ಇರುವ ಎಂಟು ಕೆಂಪು ಮೀನು, ಇದ್ದಿಲಿನಂಥ ಒಂದು ಕಪ್ಪು ಮೋಲಿ ಮೀನು ಚೀಲಕ್ಕೆ ಬಂದವು. ಅವತ್ತು ಸಂಜೆಯೇ ಹಜಾರದಲ್ಲಿ ತೊಟ್ಟಿ ನಿಂತಿತು. ನಲ್ಲಿ ನೀರು ತುಂಬಿ, ಬಣ್ಣದ ಕಲ್ಲು ಹಾಸಿ, ಫುಂಗ್ ಚೀಲವನ್ನು ಕವುಚಿ ಮೀನು ಸುರಿದರು. ಆಮೇಲೆ ಉದ್ದಕ್ಕೆ ಒಂದು ಸೀಟಿ ಊದಿದರು. ಈಜು ಶುರು ಅಂತ ಅರ್ಥ.

ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

"ಅಧ್ಯಕ್ಷರೇ, ನಿಮ್ಮ ಸಿರಿ ಅಂಗಾತ ಮಲಗಿದೆ," ಅಂದಳು ಮುಯ್ ಅಕ್ಕ, ತರಕಾರಿ ಚೀಲ ಕೆಳಗಿಟ್ಟು, ಆರಾಮಾಗಿ ನೋಡಲು ಅಂತ.

ಫುಂಗ್ ಅವರ ಕಿವಿ ಕೆಂಪಾಯಿತು. ಕಾಪಾಡಿದವನು ಕಾವಲಿನ ಪಾಂಗ್. "ಹಾಗನ್ಬೇಡ ಅಕ್ಕ. ಬಾಗಿಲ ಮೀನು ಸುಮ್ಸುಮ್ನೆ ಸಾಯಲ್ಲ. ಮನೆ ಯಜಮಾನನಿಗೆ ಬರೋ ಗಂಡಾಂತರಕ್ಕೆ ಅಡ್ಡ ಬಂದು ಸಾಯುತ್ತೆ."

ಈ ಮಾತು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ಫುಂಗ್ ನಿಧಾನವಾಗಿ ತಲೆಯೆತ್ತಿದರು. "ನಿನ್ನೆ ನೂಡಲ್ಸ್ ಅಂಗಡಿ ಮುಂದೆ ಮೇಲಿಂದ ಹೂಕುಂಡ ಬಿತ್ತು, ಗೊತ್ತಾ? ನಾನು ಅಲ್ಲಿಂದ ದಾಟಿ ಐದು ನಿಮಿಷ ಆಗಿರ್ಲಿಲ್ಲ!"

ಅವರು ದಾಟಿದ್ದು ಬೆಳಿಗ್ಗೆ, ಕುಂಡ ಬಿದ್ದದ್ದು ಮಧ್ಯಾಹ್ನ. ಆದರೆ ಪ್ರಾಣ ಉಳಿದ ಮನುಷ್ಯನ ಹತ್ತಿರ ಗಡಿಯಾರದ ಲೆಕ್ಕ ಯಾರು ಕೇಳುತ್ತಾರೆ? ಮೊದಲೇ ಗಡಿಯಾರ ವಾಪಸ್ ಕೊಟ್ಟವರು.

ಅಲ್ಲಿಂದ ಫುಂಗ್ ಅವರಿಗೆ ಶುಕ್ರದೆಸೆ. ಭಾನುವಾರ ಬಂತೆಂದರೆ ತೋಳು ಮಡಚಿ ತೊಟ್ಟಿ ಪೂರ್ತಿ ಬರಿದು ಮಾಡುವರು, ಕಲ್ಲುಗಳನ್ನು ಬ್ರಷ್ಷಿನಿಂದ ಉಜ್ಜುವರು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸ ಬಟ್ಟೆಯ ಬಿಳುಪಿಗೆ ತರುವರು. ನೀರು ಗಾಜಿಗಿಂತ ಹೊಳೆಯುತ್ತಿತ್ತು. ವಾರದೊಳಗೆ ಮೀನು ಸಾಯುತ್ತಿತ್ತು. ಫುಂಗ್ ಮತ್ತೆ ಮೀನಿನ ಬೀದಿಗೆ ಹೋಗುವರು; ಬೋಳುತಲೆಯವನು ಈಗ ಅವರಿಗೆ ಕೂರಲು ಸ್ಟೂಲು ಕೊಡುತ್ತಿದ್ದ.

ಒಂದೊಂದು ಸಾವಿಗೂ ಒಬ್ಬೊಬ್ಬ ಹಕ್ಕುದಾರ. ಐದನೆಯ ಮಹಡಿಯ ಲೋಕ್‌ನ ಪಿತ್ತಕೋಶದ ಕಲ್ಲಿಗೆ ಡಾಕ್ಟರು ಕತ್ತರಿ ಬೇಡ ಅಂದರು. ಅವತ್ತೇ ಎರಡು ಮೀನು ಸತ್ತಿದ್ದವು. ಲೋಕ್ ಕಣ್ಣಲ್ಲಿ ನೀರು ತುಂಬಿಕೊಂಡು ತೊಟ್ಟಿಗೆ ಕೈಮುಗಿದ. "ಎರಡೂ ನಂದೇ," ಅಂದ. ಮುಯ್ ಅಕ್ಕ ಮಾತ್ರ ಉರಿದುಬಿದ್ದಳು. "ಮೂರು ರಾತ್ರಿ ಆಟದಲ್ಲಿ ಸೋತೆ. ನನಗೋಸ್ಕರ ಒಂದಕ್ಕಾದ್ರೂ ಸಾಯೋ ಮನಸ್ಸು ಬಂತಾ? ಪಕ್ಷಪಾತದ ಮೀನುಗಳು!" ಅವಳ ಆಟದ ಮೇಜಿನವರೇ ಫುಂಗ್ ಕಡೆ ವಾಲತೊಡಗಿದ್ದರು. ಕುರ್ಚಿ ಗಟ್ಟಿ ಅಂತ ನನಗೂ ಅನ್ನಿಸಿತು.

ಆಗಲೇ ಒಂದು ಭಾನುವಾರ ಫುಂಗ್ ತಾವೇ ಚೆಲ್ಲಿದ ನೀರಿನ ಮೇಲೆ ಜಾರಿ, ಸೊಂಟ ಹಿಡಿದುಕೊಂಡು, ಬ್ರಷ್ಷಿನ ಸಮೇತ ಕೂತುಬಿಟ್ಟರು. ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಅಂತ ಮೂಳೆವೈದ್ಯರು ಪಟ್ಟಿ ಬಿಗಿದು ಕಳಿಸಿದರು. ತೊಟ್ಟಿಯಲ್ಲಿ ಆ ಹೊತ್ತಿಗೆ ಉಳಿದಿದ್ದುದು ಕಪ್ಪು ಮೋಲಿ ಒಂದೇ, ಅದೂ ಮೂಲೆಯಲ್ಲಿ ಮುದುರಿಕೊಂಡು. ಹೊಸ ಮೀನು ತರುವವರಿಲ್ಲ, ತೊಟ್ಟಿ ಉಜ್ಜುವವರಿಲ್ಲ. ಫುಂಗ್ ಸೊಂಟಪಟ್ಟಿ ಕಟ್ಟಿಕೊಂಡು ಹಜಾರದ ಕುರ್ಚಿಯಲ್ಲಿ ದಿನವಿಡೀ ಅದರ ಎದುರು ಕೂರುತ್ತಿದ್ದರು. ಪಾಂಗ್ ಕೊಟ್ಟರೆ ಅವರು ಚಹಾ ಕುಡಿಯುವುದು, ಅವರು ಚಿಟಿಕೆ ಹಾಕಿದರೆ ಮೋಲಿ ತಿನ್ನುವುದು.

ನೀರು ಮೊದಲು ಮಬ್ಬಾಯಿತು, ಆಮೇಲೆ ತಾನೇ ತಿಳಿಯಾಯಿತು. ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಗಟ್ಟಿತು. ಮೋಲಿ ಮೂಲೆ ಬಿಟ್ಟು ಬಂತು. ಗಾಜಿನ ಮೇಲೆ ಬೆರಳಿಟ್ಟರೆ ಬೆರಳ ಹಿಂದೆಯೇ ಬರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ತೊಟ್ಟಿಯ ತುಂಬ ಎಳ್ಳಿನ ಕಾಳಿನಂಥ ಮರಿಗಳು!

"ಹೆತ್ತಿದಾಳೆ ಕಣಯ್ಯ! ಅಂಗಡಿಯಿಂದ್ಲೇ ಬಸುರಿಯಾಗಿ ಬಂದಿದ್ಲು!" ಫುಂಗ್ ನನ್ನ ಅಂಗಡಿ ಗಾಜು ಬಡಿದರು. ಅಷ್ಟರಲ್ಲಿ ತಾಯಿ ತನ್ನದೇ ಒಂದು ಮರಿಯನ್ನು ಗುಳುಂ ಮಾಡಿ ಇನ್ನೊಂದರ ಬೆನ್ನು ಹತ್ತಿತು. ಫುಂಗ್ ಕೈ ತಾನಾಗಿ ಕುತ್ತಿಗೆಯ ಸೀಟಿಗೆ ಹೋಯಿತು. ಪೀ...ಪ್! "ಏಯ್! ನಾಚಿಕೆ ಆಗಲ್ವಾ, ಹೊಟ್ಟೇಲಿ ಹುಟ್ಟಿದ್ದು!" ಮೋಲಿ ಬೆಚ್ಚಿ ತಿರುಗಿತು. ಮೂವತ್ತೆರಡು ವರ್ಷ ಊದಿದ ಆ ಸೀಟಿಯಿಂದ ಒಂದು ಜೀವ ಉಳಿದದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಅವತ್ತೇ ಪಾಂಗ್‌ನನ್ನು ಓಡಿಸಿ ಮರಿಗಳು ಅಡಗಲು ಒಂದು ಹಿಡಿ ನೀರುಪಾಚಿ ತರಿಸಿದರು.

ಊಟ ತಂದ ಸೌ-ಹಾ ಬಗ್ಗಿ ನೋಡಿ ಅಂದಳು: "ಇದೇನ್ರೀ, ನೀವು ಮಲಗಿದ ಮೇಲೆ ಇದು ಎದ್ದು ಕೂತಿದೆ? ನೀರು ಹದ ಆಗಕ್ಕೆ ಬಿಡಿ ಅಂತ ಆ ಅಂಗಡಿಯವನು ಬಡ್ಕೊಂಡನಂತೆ. ಬಿಟ್ರಾ? ಸೊಂಟ ಮುರ್ಕೊಂಡ ಮೇಲೆ ಬಿಟ್ರಿ."

ಫುಂಗ್ ಕಂದು ಸ್ಪಂಜನ್ನೇ ನೋಡಿದರು. ಆ ಬಿಳೀ ಸ್ಪಂಜುಗಳ ನೆನಪು ಬಂದಿರಬೇಕು, ಅನ್ನದ ಡಬ್ಬಿ ಬಹಳ ಹೊತ್ತು ಮುಚ್ಚಿಯೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮೀನು ಸಾಯುವುದು ನಿಂತಿತು, ಕಟ್ಟಡದ ಗ್ರಹಚಾರ ಶುರುವಾಯಿತು. ನಾಲ್ಕನೆಯ ಮಹಡಿಯಲ್ಲಿ ಪೈಪು ಒಡೆಯಿತು. ಲೋಕ್‌ನ ಕಲ್ಲು ಮತ್ತೆ ಚುಚ್ಚತೊಡಗಿತು. ಕೊನೆಗೆ ಸಭೆಗೆ ಎರಡು ದಿನ ಇದೆ ಅನ್ನುವಾಗ ಲಿಫ್ಟು ಕೈಕೊಟ್ಟಿತು, ಅದೂ ಒಳಗೆ ಮುಯ್ ಅಕ್ಕ ಮತ್ತು ಒಂದು ಸುಟ್ಟ ಬಾತುಕೋಳಿ ಇರುವಾಗ. ಒಂದು ಗಂಟೆಯ ಮೇಲೆ ಬಾಗಿಲು ತೆಗೆಸಿದರೆ ಹೊರಗೆ ಬಂದವಳು ಮುಯ್ ಅಕ್ಕ ಮಾತ್ರ. ಬಾತುಕೋಳಿಯ ಮೂಳೆ ಚೀಲದಲ್ಲಿತ್ತು.

ಸಭೆ ನಡೆದದ್ದು ಹಜಾರದಲ್ಲೇ, ತೊಟ್ಟಿಯ ಮುಂದೆ, ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ. ಮುಯ್ ಅಕ್ಕ ಎದ್ದು ನಿಂತು ತೊಟ್ಟಿಯ ಕಡೆ ಬೆರಳು ತೋರಿಸಿದಳು.

"ಒಂದು ತಿಂಗಳ ಮೇಲಾಯ್ತು, ಇದರಲ್ಲಿ ಒಂದೂ ಸತ್ತಿಲ್ಲ. ಮತ್ತೆ ಗಂಡಾಂತರ ಎಲ್ಲಿಗೆ ಹೋಗ್ಬೇಕು? ನಮ್ಮ ಮನೆಗೇ ಬರ್ತಿದೆ! ಇವು ತಿಂದ್ಕೊಂಡು, ಹೆತ್ಕೊಂಡು, ಮಜವಾಗಿವೆ. ಅಧ್ಯಕ್ಷರೇ, ಸೊಂಟ ನೆಟ್ಟಗಾಯ್ತಲ್ಲ? ಮೊದಲಿನ ಹಾಗೆ ಭಾನುವಾರ ತೊಳೀತೀರೋ ಇಲ್ವೋ? ಹೂಂ ಅನ್ನಿ, ನನ್ನ ಮತಾನೂ ನಿಮಗೇ."

"ನನ್ನದೂ," ಅಂದ ಲೋಕ್, ಹೊಟ್ಟೆ ಒತ್ತಿಕೊಂಡು.

ಹೂಂ ಅನ್ನುವುದು ಒಂದಕ್ಷರದ ಕೆಲಸ. ಕುರ್ಚಿ ಕೈಗೆಟಕುವಲ್ಲೇ ಇತ್ತು. ಫುಂಗ್ ತೊಟ್ಟಿಯ ಕಡೆ ತಿರುಗಿದರು. ಮೋಲಿ ಗಾಜಿಗೆ ಮೂತಿ ಹಚ್ಚಿಕೊಂಡು ಅವರ ಬೆರಳಿಗೆ ಕಾಯುತ್ತಿತ್ತು.

"ಇಲ್ಲ," ಅಂದರು. "ಹೂಕುಂಡ ತಾನಾಗೇ ಬಿತ್ತು. ಆಗ ನಾನು ಮನೇಲಿ ಗಂಜಿ ಕುಡೀತಿದ್ದೆ. ಆ ಮೀನುಗಳು ಯಾರ ಬದಲಿಗೂ ಸತ್ತದ್ದಲ್ಲ. ನನ್ನ ಕೈಲಿ ಸತ್ವು. ಉಜ್ಜಿ ಉಜ್ಜಿ ಕೊಂದೆ."

ಜನರಿಗೆ ಸಿಟ್ಟು ಬಂದದ್ದು ಮೀನು ಸತ್ತದ್ದಕ್ಕಲ್ಲ. ತಪ್ಪಿಹೋಗಿದ್ದ ಗಂಡಾಂತರಗಳನ್ನೆಲ್ಲ ಅಧ್ಯಕ್ಷರು ವಾಪಸ್ ಕೊಟ್ಟುಬಿಟ್ಟರಲ್ಲ, ಅದಕ್ಕೆ. "ಹಾಗಾದ್ರೆ ನನ್ನ ಕಲ್ಲು?" ಲೋಕ್ ಚೀರಿದ.

"ಡಾಕ್ಟರನ್ನ ಕೇಳಪ್ಪ. ನಾನು ಬರೀ ಈಜುಕೊಳದವನು."

ಎತ್ತಿದ ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಫುಂಗ್ ಕಡೆ ಎದ್ದದ್ದು ನನ್ನ ಕೈ, ಪಾಂಗ್‌ನ ಕೈ. ಪಾಂಗ್‌ಗೆ ಮತವೇ ಇಲ್ಲ. ಸೌ-ಹಾ ಕೂಡ ಎತ್ತಲಿಲ್ಲ. "ನಂಗೆ ಗಂಡ ಮನೇಲಿ ಬೇಕು," ಅಂದಳು. ಅಧ್ಯಕ್ಷೆ ಮುಯ್ ಅವರ ಮೊದಲ ಆಜ್ಞೆ: ತೊಟ್ಟಿ ಹಜಾರದಿಂದ ಎತ್ತಬೇಕು, ಇವತ್ತೇ.

ಲಿಫ್ಟು ಇನ್ನೂ ಕೆಟ್ಟೇ ಇತ್ತು. ಒಂಬತ್ತು ಮಹಡಿ. "ತೊಟ್ಟಿ ಖಾಲಿ ಮಾಡಿ ಹೊರೋಣ, ನೀರು ಮೇಲೆ ನಲ್ಲಿಯಲ್ಲೂ ಬರುತ್ತಲ್ಲ," ಅಂದೆ.

"ಹೊಸ ನೀರಾ? ಹುಚ್ಚಾ ನಿಂಗೆ? ಇದು ಹದ ಆಗಿರೋ ನೀರು! ಆ ಸ್ಪಂಜನ್ನ ಮುಟ್ಬೇಡ, ಹಿಂಡ್ಬೇಡ, ಹಾಗೇ ಬಕೆಟ್ಟಲ್ಲಿಡು!"

ಹೀಗೆ ನಾನು, ಪಾಂಗ್ ಮತ್ತು ಆ ಎರಡು ಮೀನಿನ ಋಣ ತೀರಿಸಲು ಬೈಯುತ್ತಲೇ ಬಂದ ಲೋಕ್, ಕೊಳಕು ನೀರಿನ ಬಕೆಟ್ಟುಗಳನ್ನು ಹೊತ್ತು ಮೆಟ್ಟಿಲು ಹತ್ತಿದೆವು. ಫುಂಗ್ ಮುಂದೆ, ಎದೆಗವುಚಿದ ಡಬ್ಬಿಯಲ್ಲಿ ಮೋಲಿ ಮತ್ತು ಮರಿಗಳು. ಯಾರ ಬಕೆಟ್ಟು ತುಳುಕಿದರೂ ಸೀಟಿ. ಆರನೆಯ ಮಹಡಿಯಲ್ಲಿ ಲೋಕ್ "ಇನ್ನೊಂದು ಸಲ ಊದಿದ್ರೆ ಮೀನಿನ ಬದಲು ನಿಮ್ಮನ್ನೇ ಮುಳುಗಿಸ್ತೀನಿ," ಅಂದ. ಫುಂಗ್ ಊದಿದರು.

ಮುಂದಿನ ವಾರ ಲಿಫ್ಟು ಸರಿಹೋಯಿತು. ತೊಟ್ಟಿ ತೆಗೆಸಿದ್ದರಿಂದಲೇ ಅಂತ ಮುಯ್ ಅಕ್ಕ ಎಲ್ಲರಿಗೂ ಹೇಳಿದಳು, ಎಲ್ಲರೂ ನಂಬಿದರು. ಒಂಬತ್ತನೆಯ ಮಹಡಿಯಿಂದ ಮಾತ್ರ ದಿನಾ ಸಂಜೆ ಮೀನಿಗೆ ಊಟ ಹಾಕುವ ಹೊತ್ತಿಗೆ ಸೀಟಿ ಕೇಳತೊಡಗಿತು. ತಡೆಯಲಾರದೆ ಅಧ್ಯಕ್ಷೆ ನನ್ನ ಅಂಗಡಿಯಲ್ಲಿ ಒಂದು ಸೂಚನಾಫಲಕ ಅಚ್ಚು ಹಾಕಿಸಿದಳು: "ಕಟ್ಟಡದೊಳಗೆ ಸೀಟಿ ಊದಬಾರದು." ಒಂಬತ್ತನೆಯ ಮಹಡಿಗೆ ಅದನ್ನು ತಲುಪಿಸಿದವನು ನಾನೇ. ಫುಂಗ್ ಕನ್ನಡಕ ಏರಿಸಿ ಗೌರವದಿಂದ ಓದಿದರು. ಆಮೇಲೆ ತೊಟ್ಟಿಯ ಹಿಂದಿನ ಗಾಜಿಗೆ, ಅಕ್ಷರ ನೀರಿನ ಕಡೆ ಇರುವಂತೆ, ನಾಲ್ಕೂ ಮೂಲೆಗೆ ಅಂಟು ಹಚ್ಚಿ ಅಂಟಿಸಿದರು.

"ನಿಯಮ ಅಂದ್ರೆ ನಿಯಮ," ಅಂದರು. "ಇನ್ಮೇಲೆ ಇವು ಯಾವುವೂ ಊದೋ ಹಾಗಿಲ್ಲ."