ಬಿಡ್ತು ಅನ್ನದವಳು

ಮಾಸ್ತವ್ವನ ಕೆರೆಯ ನೀರುಗಂಟಿ ರಂಗಪ್ಪ ತನ್ನ ಜೀವಮಾನದಲ್ಲಿ ಒಂದು ಮಾತನ್ನು ಮಾತ್ರ ಬಾಯಿಂದ ಆಚೆ ಬಿಡಲಿಲ್ಲ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯ ಮೇಲೆ ನೀರು ಹಾಯಿಸುವುದು, ಮಳೆಗಾಲದಲ್ಲಿ ಏರಿಯ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ ಎಂದು ನೋಡುವುದು ಅವನ ಕೆಲಸ. ಏರಿ ಬಾಯಿ ಬಿಟ್ಟಿದ್ದರೂ ಕೆರೆ ಒಡೆಯುತ್ತದೆ ಎಂದು ಅವನು ಅನ್ನುವವನಲ್ಲ. ತುಂಬಿದ ಕೆರೆಯ ಎದುರು ಹಾಗೆ ಅಂದರೆ ಕೆರೆ ಕೇಳಿಸಿಕೊಳ್ಳುತ್ತದೆ ಎಂದು ಊರಿನವರೆಲ್ಲರ ನಂಬಿಕೆ. “ತಾಯಿಗೆ ಮೈ ಭಾರ ಆಗೈತೆ” ಅನ್ನುತ್ತಿದ್ದ, ಅಷ್ಟೇ. ಅವನ ಮುಖ ನೋಡಿದವರು ದನ ಬಿಚ್ಚಿಕೊಂಡು ದಿಬ್ಬ ಹತ್ತುತ್ತಿದ್ದರು.

ಅವನ ಮಗಳು ಮಾಯಾಗೆ ಆ ಮುಖ ಕಾಣುತ್ತಿರಲಿಲ್ಲ. ಕೂಸಾಗಿದ್ದಾಗ ದಡಾರ ಬಂದು ಕಣ್ಣು ಹೋಗಿತ್ತು. ಅಪ್ಪನ ಮಾತು ಕಿವಿಗೆ ಬಿದ್ದರೂ ಅವಳು ಕೂತಲ್ಲೇ ಕೂತಿರುತ್ತಿದ್ದಳು. ಯಾರಾದರೂ ರೆಟ್ಟೆ ಹಿಡಿದು ಎಳೆದಾಗಲೇ ಆ ಭಾರ ಎಂಥದೆಂದು ಗೊತ್ತಾಗುತ್ತಿತ್ತು.

ಮಾಯಾ ಬೆಳೆದಳು, ಓದಿದಳು, ಕಂಪ್ಯೂಟರ್ ಕಲಿತಳು. ರಂಗಪ್ಪ ಸತ್ತ ಮೇಲೆ ಊರಿಗೆ ಬೇರೆ ನೀರುಗಂಟಿ ಬರಲಿಲ್ಲ. ನೀರಿನ ಸರದಿ ಸಾರಲು ಅವನು ಬಾರಿಸುತ್ತಿದ್ದ ತಮಟೆಯ ಚರ್ಮವನ್ನು ಇಲಿಗಳು ತಿಂದವು. ಏರಿಯಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರ ಹೂತರು. ಸುತ್ತಿನ ಕೆರೆಗಳ ಸುದ್ದಿಯೆಲ್ಲ ಒಂದು ಸರ್ಕಾರಿ ವೆಬ್‌ಸೈಟಿಗೆ ಹೋಯಿತು. ಅದನ್ನು ನೋಡಿಕೊಳ್ಳುವ ಕಚೇರಿ ತರೀಕೆರೆಯಲ್ಲಿ. ಸರ್ಕಾರದ ವೆಬ್‌ಸೈಟುಗಳನ್ನು ಅಂಗವಿಕಲರೂ ಬಳಸುವಂತಿರಬೇಕು ಎಂದು ಮೇಲಿನಿಂದ ಆದೇಶ ಬಂದಾಗ, ಅದನ್ನು ಪರೀಕ್ಷಿಸುವ ಕೆಲಸಕ್ಕೆ ಆ ಕಚೇರಿ ಮಾಯಾಳನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿತು.

ಮೊದಲ ದಿನವೇ ಅವಳು ಅಲ್ಲಿಯ ಎಂಜಿನಿಯರ್ ಮಲ್ಲಿಕಾರ್ಜುನಯ್ಯನವರನ್ನು ಕರೆದು, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನು ಹಾಕಿ ಕೇಳಿಸಿದಳು. ನಕ್ಷೆಯಲ್ಲಿ ಒಂದೊಂದು ಕೆರೆಗೂ ಒಂದೊಂದು ಬಣ್ಣದ ಚುಕ್ಕೆಯಿತ್ತು. ಯಂತ್ರ ಅದನ್ನು ಓದಿದ್ದು “ಚಿತ್ರ. ಚಿತ್ರ. ಚಿತ್ರ” ಎಂದು.

“ಬಣ್ಣಕ್ಕೆ ಮಾತು ಕೊಡಬೇಕು ಸಾರ್. ಇಲ್ಲದಿದ್ರೆ ನಮ್ಮಂಥೋರಿಗೆ ಇದು ಬರೀ ಗೋಡೆ.”

“ಕೊಡಾಣ ಕಣಮ್ಮ, ಅದಕ್ಕೇನಂತೆ. ಹಸಿರು ಅಂದ್ರೆ ನೀರು ಮಿತಿಯೊಳಗಿದೆ ಅಂತ. ಹಳದಿ ಅಂದ್ರೆ ಕೆರೆ ತುಂಬ್ತಾ ಇದೆ.”

“ಕೆಂಪು?”

ಮಲ್ಲಿಕಾರ್ಜುನಯ್ಯ ಕೆಟ್ಟವರಲ್ಲ, ದಡ್ಡರೂ ಅಲ್ಲ. ಕೆಂಪು ಎಂದರೆ ಏರಿಗೆ ಅಪಾಯ, ಕೆಳಗಿನವರು ಕಾಯದೆ ಎತ್ತರಕ್ಕೆ ಹೋಗಬೇಕು ಎಂದು ಊರೂರಿನಲ್ಲಿ ಸಭೆ ಸೇರಿಸಿ ಹೇಳಿಸಿದ್ದವರು ಅವರೇ. ಆದರೆ ಆ ಸಭೆಗಳಲ್ಲೂ ಅವರು “ಕೆಂಪು ಕಂಡ್ರೆ ಕಾಯಬ್ಯಾಡಿ” ಎಂದಿದ್ದರೇ ಹೊರತು ಏನಾಗುತ್ತದೆ ಎಂದಿರಲಿಲ್ಲ.

“ಕೆರೆ ಒಡೆಯೋ ಸಂಭವ ಇದೆ ಅಂತ ಹಾಕಲಾ ಸಾರ್?” ಎಂದಳು ಮಾಯಾ.

“ಬಿಡ್ತು ಅನ್ನಮ್ಮ!” ಕುರ್ಚಿ ಕಿರುಗುಟ್ಟಿತು. “ಜೀವಂತ ಕೆರೆ ಹೆಸರಿನ ಮುಂದೆ ಅಂಥಾ ಮಾತಾ? ದಿನಾ ಬೆಳಗಾದ್ರೆ ಊರವರೆಲ್ಲರ ಫೋನೂ ಅದನ್ನೇ ಒದರಬೇಕಾ? ನೀರುಗಂಟಿ ಮಗಳು ನೀನು, ನಿಂಗೆ ನಾನು ಹೇಳಬೇಕಾ?”

“ಬಿಡ್ತು” ಎಂದಳು ಮಾಯಾ. ನಾಲಗೆ ತಾನಾಗಿ ಅಂದಿತು. ಅಪಶಕುನದ ಮಾತು ಬಿದ್ದ ಕೂಡಲೇ ಹಾಗೆಂದು ಅದನ್ನು ತೊಡೆದುಹಾಕುವುದು ಅವಳಿಗೆ ಉಸಿರಾಡಿದಷ್ಟೇ ಅಭ್ಯಾಸ.

“ಕೆರೆ ತುಂಬಿದೆ ಅಂತ ಹಾಕು. ಸುಳ್ಳೇನಲ್ವಲ್ಲ.”

ಕಡೂರಿನಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ಪ್ರೋಗ್ರಾಮರ್ ಸುಮನಾ ಒಬ್ಬಳೇ ಅನುಮಾನಪಟ್ಟಳು. “ಮೇಡಂ, ಇಷ್ಟೇ ಸಾಕಾ? ಏನು ಮಾಡಬೇಕು ಅಂತಾನೂ ಸೇರಿಸಲಾ?”

“ಬ್ಯಾಡ ಬಿಡು” ಎಂದಳು ಮಾಯಾ.

ಬಣ್ಣವೆಂಬುದು ಅಪ್ಪನ ಮುಖವಿದ್ದ ಹಾಗೆ, ಹೇಳದೆ ಉಳಿದದ್ದನ್ನು ಕಣ್ಣಿದ್ದವರಿಗೆ ಅದೇ ಹೇಳುತ್ತದೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಹೊಳೆಯಬೇಕಾಗಿತ್ತು. ವೆಬ್‌ಸೈಟು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಕಚೇರಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಇದರಿಂದ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಧನಪಾಲ್. ಅವನು ಮಾಯಾಳ ಸೋದರತ್ತೆಯ ಮಗ. ಕ್ವಾರಿಯ ಮದ್ದು ಸಿಡಿದು ಹರೆಯದಲ್ಲೇ ಕಣ್ಣು ಕಳೆದುಕೊಂಡ. ಮಾಸ್ತವ್ವನ ಕೆರೆಯ ಏರಿಯ ಕೆಳಗೆ ಹಿಟ್ಟಿನ ಗಿರಣಿ ಇಟ್ಟಿದ್ದ. ಬೀಸುಕಲ್ಲಿನ ಸದ್ದಿನಲ್ಲೇ ರಾಗಿಯೋ ಅಕ್ಕಿಯೋ ಹೇಳುತ್ತಿದ್ದ, ಹಿಟ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನಯ ನೋಡುತ್ತಿದ್ದ. ಬೆಳಿಗ್ಗೆ ಎದ್ದರೆ ಫೋನಿನಲ್ಲಿ ಕೆರೆಯ ಪುಟ ಕೇಳಿಸಿಕೊಂಡು ಬೀದಿಗೆಲ್ಲ ಸಾರುತ್ತಿದ್ದ.

“ನೀವು ಕಣ್ಣು ಉಜ್ಜಿಕೊಳ್ಳೋ ಹೊತ್ಗೆ ನಂಗೆ ಸುದ್ದಿ ಬಂದಿರ್ತೈತೆ ಕಣ್ರಪ್ಪಾ. ನಮ್ಮ ಮಾಯಾ ಮಾಡಿರೋದು!”

ಆ ವರ್ಷ ಹಿಂಗಾರು ಹಿಡಿದದ್ದು ಬಿಡಲಿಲ್ಲ. ಬುಕ್ಕಾಂಬುಧಿಯ ಕಡೆಯಿಂದ ಬಂದವರೆಲ್ಲ ಹಳ್ಳಗಳು ದಾರಿ ಮುರಿದ ಸುದ್ದಿ ತಂದರು. ಮಾಸ್ತವ್ವನ ಕೆರೆ ಬಹಳ ವರ್ಷಗಳ ಮೇಲೆ ತುಂಬುವ ಹಂತಕ್ಕೆ ಬಂದಿತ್ತು. ಬಾಗಿನ ಬಿಡಲು ಊರು ಸಿದ್ಧವಾಯಿತು. ಗಿರಣಿಯ ಎದುರು ಮನೆಯ ಹುಲಿಗೆಮ್ಮ ಗಂಗಮ್ಮನಿಗೆ ತಂಬಿಟ್ಟು ಮಾಡಬೇಕೆಂದು ಅಕ್ಕಿ ತಂದಿಟ್ಟು ಹೋಗಿದ್ದಳು.

ಮರುದಿನ ಬೆಳಿಗ್ಗೆ ಧನಪಾಲ್ ತರೀಕೆರೆಗೆ ಫೋನು ಮಾಡಿದ.

“ಲೇ ಮಾಯಾ, ಕೆರೆ ತುಂಬಿದೆ ಅಂತು ಕಣೇ ನಿನ್ನ ವೆಬ್‌ಸೈಟು! ನಿಮ್ಮಪ್ಪ ಇರಬೇಕಾಗಿತ್ತು. ನಾಳೆ ಬಾರೇ, ತಂಬಿಟ್ಟು ತಿನ್ನೀವಂತೆ.”

“ಬತ್ತೀನಿ ಭಾವ. ಏರಿ ಕಡೆ ಹೆಂಗೈತೆ? ಜನ ಏನಂತಾರೆ?”

“ಜನ ಏನಂತಾರೆ? ಬೆಳಗಿಂದ ಬೀದೀಲಿ ಒಂದು ಮಾತಿಲ್ಲ. ಎಲ್ಲ ಕೆರೆ ನೋಡಕ್ಕೆ ಹೋಗವ್ರೆ ಅಂತ ಕಾಣ್ತೈತೆ. ನಾಯಿ ಸೈತ ಬೊಗಳ್ತಿಲ್ಲ ಕಣೇ. ಹುಲಿಗೆಮ್ಮ ಬಾಗಿಲಲ್ಲೇ ನಿಂತು ‘ಫೋನ್ ನೋಡ್ದಾ ಧನಪಾಲಾ?’ ಅಂದ್ಲು. ನಿನಗಿಂತ ಮುಂಚೆ ನೋಡೀನಿ ಹೋಗಮ್ಮೋ ಅಂದೆ. ಹೊಂಟೋದ್ಲು. ಇಡ್ತೀನಿ, ಅಕ್ಕಿ ಬೀಸಬೇಕು.”

ಮಾಯಾ ಫೋನು ಇಟ್ಟಳು. ಬಾಗಿನದ ಹಿಂದಿನ ದಿನ ಬೀದಿಯಲ್ಲಿ ನಾಯಿಯೂ ಇಲ್ಲದಿರುವುದುಂಟೇ? ಅವಳು ಕಂಪ್ಯೂಟರಿನಲ್ಲಿ ಆ ಕೆರೆಯನ್ನು ಓದಿಸಿದಳು. “ಮಾಸ್ತವ್ವನ ಕೆರೆ. ಕೆರೆ ತುಂಬಿದೆ” ಎಂದಿತು ಯಂತ್ರ, ಮಂಗಳವಾರ್ತೆಯ ಹಾಗೆ.

“ಸುಮನಾ, ಆ ಚುಕ್ಕೆ ಯಾವ ಬಣ್ಣ?”

“ಕೆಂಪು ಮೇಡಂ. ಬೆಳಗ್ಗೆಯಿಂದ ಮಿನುಗ್ತಾ ಇದೆ. ಸಾರ್ ಆಗ್ಲೇ ಮರಳುಚೀಲ ತಗೊಂಡು ಅಲ್ಲಿಗೇ ಹೋದ್ರಲ್ಲ.” ಸುಮನಾಳ ದನಿ ಇಳಿಯಿತು. “ನಿಮಗೆ ಗೊತ್ತು ಅಂದ್ಕೊಂಡೆ.”

ಹುಲಿಗೆಮ್ಮನೂ ಹಾಗೆಯೇ ಅಂದುಕೊಂಡಿದ್ದಳು. ಊರೇ ಹಾಗೆ ಅಂದುಕೊಂಡು ದಿಬ್ಬ ಹತ್ತಿತ್ತು. ಧನಪಾಲನಿಗೆ ಯಾರೂ ಹೇಳಬೇಕಾಗಿಲ್ಲ, ಅವನ ಫೋನೇ ಹೇಳುತ್ತದೆ.

ಮಾಯಾ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದಳು. ಗಿರಣಿ ಓಡುತ್ತಿದ್ದರೆ ಅವನಿಗೆ ಸಿಡಿಲೂ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತು. ಸುಮನಾ ಮಲ್ಲಿಕಾರ್ಜುನಯ್ಯನವರಿಗೆ ಮಾಡಿದಳು, ಅವರ ಫೋನು ಸಿಗಲಿಲ್ಲ. ಮಾಯಾ ಮಾಡುತ್ತಲೇ ಇದ್ದಳು. ಕಡೆಗೆ ಧನಪಾಲ್ ಎತ್ತಿದ. ಹಿಂದೆ ಗಿರಣಿಯ ಪಟ್ಟಿಯ ಪಟಪಟ ಸದ್ದು.

“ಏನೇ ನಿನ್ನ ಗೋಳು? ಅಂಗಿ ಜೇಬಲ್ಲಿ ಒಂದೇ ಸಮ ಅದುರ್ತೈತೆ!”

“ಭಾವ, ಎದ್ದು ಹೊರಡು. ಕೆರೆ ಒಡೀತೈತೆ.”

ಅವನು ನಗಲಿಲ್ಲ. ದನಿ ಬಿಗಿಯಾಯಿತು. “ಬಿಡ್ತು ಅನ್ನು.”

“ಕೆರೆ ಒಡೀತೈತೆ ಕಣೋ. ಊರಲ್ಲಿ ಯಾರೂ ಇಲ್ಲ. ನೀನೊಬ್ನೇ ಇರೋದು.”

“ಮೊದ್ಲು ಬಿಡ್ತು ಅನ್ನೇ! ರಂಗಪ್ಪನ ಮಗಳಾಗಿ ಎಂಥಾ ಬಾಯೇ ನಿಂದು? ಕೆರೆ ಇಲ್ಲೇ ತಲೆ ಮ್ಯಾಲೈತೆ. ಬಿಡ್ತು ಅನ್ನು, ಆಮೇಲೆ ಮಾತು.”

ಬಿಡ್ತು ಎಂದರೆ ಅವನು ಸಮಾಧಾನವಾಗಿ ಅಕ್ಕಿ ಬೀಸುತ್ತಾನೆ. ಆ ಮಾತು ಅವಳ ಹಲ್ಲಿನ ಹಿಂದೆ ಬಂದು ನಿಂತಿತ್ತು.

“ಅನ್ನಲ್ಲ” ಎಂದಳು.

ಫೋನಿನಲ್ಲಿ ಬರೀ ಗಿರಣಿಯ ಸದ್ದು. ಆಮೇಲೆ ಅದೂ ನಿಂತಿತು. ಅವನು ಸ್ವಿಚ್ಚು ಆರಿಸಿದ್ದ. ಆ ಮೌನದಲ್ಲಿ ಅವನಿಗೆ ಏನು ಕೇಳಿಸಿತೋ, ತರೀಕೆರೆಯಲ್ಲಿ ಕೂತಿದ್ದ ಮಾಯಾಗೂ ಅದು ಸಣ್ಣಗೆ ಕೇಳಿಸಿತು. ಮಣ್ಣು ಜಾರುವ ಸದ್ದು.

“ಗುಡಿ ಮೆಟ್ಲು” ಎಂದ ಧನಪಾಲ್. ಏರಿಯ ತುದಿಯ ಬಂಡೆಯ ಮೇಲಿನ ಗಂಗಮ್ಮನ ಗುಡಿಗೆ ಹೋಗುವ ಮೆಟ್ಟಿಲು ಅವನ ಕಾಲಿಗೆ ಗೊತ್ತಿತ್ತು. ಫೋನು ಕೆಳಗೆ ಬಿತ್ತು. ಸ್ವಲ್ಪ ಹೊತ್ತು ಅದು ಖಾಲಿ ಗಿರಣಿಯನ್ನು ಕೇಳಿಸುತ್ತಿತ್ತು, ಆಮೇಲೆ ಏನನ್ನೂ ಕೇಳಿಸಲಿಲ್ಲ.

ಸಂಜೆಗೆ ಮುಂಚೆ ಅವನನ್ನು ಗುಡಿಯ ಬಂಡೆಯಿಂದ ಇಳಿಸಿದರು. ಜೀವಕ್ಕೆ ಏನೂ ಆಗಿರಲಿಲ್ಲ. ಗಿರಣಿಯ ಬೀಸುಕಲ್ಲು ಬಹಳ ದೂರದ ಜೋಳದ ಹೊಲದಲ್ಲಿ ಸಿಕ್ಕಿತು.

ನೀರು ಇಳಿದ ಮೇಲೆ ಮಾಯಾ ಅಜ್ಜಂಪುರದಲ್ಲಿ ಬಸ್ಸಿಳಿದು ಊರಿಗೆ ಹೋದಳು. ಮಾತಾಡುತ್ತಿದ್ದವರು ಅವಳ ಕೋಲಿನ ಸದ್ದಿಗೆ ಸುಮ್ಮನಾದರು. ಅವಳು ಫೋನಿನಲ್ಲಿ ಅಂದದ್ದನ್ನು ಧನಪಾಲನಿಂದ ಕೇಳಿದ್ದ ಹುಲಿಗೆಮ್ಮ ಮಾತ್ರ ಅಂದಳು: “ಬೆಳಗಿಂದ ಹಿಡಕೊಂಡಿತ್ತು ಕಣವ್ವ ಕೆರೆ. ನೀರುಗಂಟಿ ಮಗಳ ಬಾಯಿಂದ ಬಂತು, ಒಡೀತು.”

ಧನಪಾಲ್ ಪಕ್ಕದಲ್ಲೇ ಕೂತಿದ್ದ. ಮೆಲ್ಲಗೆ ಕೇಳಿದ: “ನೀನು ಅನ್ನೋಕೆ ಮುಂಚೆ ಒಡೆದಿರ್ಲಿಲ್ಲ, ಅಲ್ವೇನೇ?”

ಮಾಯಾ ಕೋಲು ಎತ್ತಿಕೊಂಡು ಎದ್ದಳು. ತರೀಕೆರೆಗೆ ಮರಳಿ, ಯಾರನ್ನೂ ಕೇಳದೆ ಕೆಂಪಿನ ಮಾತನ್ನು ಬದಲಿಸಿದಳು. ಮಲ್ಲಿಕಾರ್ಜುನಯ್ಯ ನೋಡಿದರು, ಬೇಡ ಎನ್ನಲಿಲ್ಲ.

ಮಳೆ ಇನ್ನೂ ನಿಂತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಎಂದಿನಂತೆ ಕೆರೆಗಳನ್ನು ಒಂದೊಂದಾಗಿ ಓದಿಸುತ್ತಿದ್ದಳು. ನೀರು ಮಿತಿಯೊಳಗಿದೆ. ಕೆರೆ ತುಂಬುತ್ತಿದೆ. ಮುಂದಿನ ಕೆರೆಯ ಹೆಸರು ಹೇಳಿ, ಅದೇ ದನಿಯಲ್ಲಿ ಯಂತ್ರ ಅಂದಿತು: “ಕೆರೆಯ ಏರಿ ಒಡೆಯುವ ಸಂಭವವಿದೆ. ಕೂಡಲೇ ಎತ್ತರದ ಜಾಗಕ್ಕೆ ಹೋಗಿ.”

“ಬಿಡ್ತು ಅನ್ನಮ್ಮ” ಎಂದರು ಹಿಂದಿನಿಂದ ಮಲ್ಲಿಕಾರ್ಜುನಯ್ಯ, ಬೇಡುವವರ ಹಾಗೆ.

ಮಾಯಾ ಕೈ ಚಾಚಿ ದನಿಯನ್ನು ಇನ್ನಷ್ಟು ಏರಿಸಿದಳು.